ಗೋಡೆ ಮೇಲಿನ ಎರಡು ಸಾಲಿಗೆ ಐದು ವರ್ಷದ ಸೆಕ್ಷನ್: ಜಿಲ್ಲಾಧಿಕಾರಿ ಮತ್ತು ಎಸ್ಪಿ ಅವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಗೋಡೆ ಬರಹದ ಆರೋಪದ ಮೇಲೆ ಹುಡುಗರಿಗೆ ಹಾಕುವ ಕೇಸುಗಳ ಬಗ್ಗೆ.

ಮಾನ್ಯರೇ,

ನಾನು ಬೋರ್ಡ್ ಬರೆಯುವವನು. ಅಂಗಡಿ ಬೋರ್ಡು, ಶಾಲೆಯ ಗೋಡೆ, ಲಾರಿ ನಂಬರು, ದೋಣಿಯ ಹೆಸರು ಬರೆದು ಬದುಕಿದವನು. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಕಮ್ಮಿಯಾಯಿತು. ಈಗ ಜಾಸ್ತಿ ದೋಣಿಗಳ ಕೆಲಸವೇ. ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬನ ಮೇಲೆ ಗೋಡೆ ಹಾಳು ಮಾಡಿದ ಕೇಸು ಬಿದ್ದಿದೆ. ಠಾಣೆ ಯಾವುದು, ಹುಡುಗ ಯಾರು, ಕೇಸಿನ ನಂಬರೇನು ಎಂಬುದೆಲ್ಲ ತಮ್ಮ ಕಚೇರಿಗೆ ಬೇರೆಯಾಗಿ ಕೊಟ್ಟ ಅರ್ಜಿಯಲ್ಲಿದೆ. ಇಲ್ಲಿ ಯಾರ ಹೆಸರೂ ಬೇಡ. ಕರಾವಳಿಯ ಒಂದು ಊರು ಅಂದರೆ ಸಾಕು. ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೆ ಕಾರಣ, ಇಂಥ ಕೇಸು ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ, ಯಾರ ಮನೆಯ ಹುಡುಗನ ಮೇಲೂ ಬೀಳಬಹುದು.

ಗೋಡೆ ಗೀಚುವವರ ಪರ ವಕಾಲತ್ತು ಇದಲ್ಲ. ನಾನು ಎರಡು ದಿನ ಕೂತು ಬರೆದ ಶಾಲೆಯ ಗೋಡೆಯ ಮೇಲೆ ಮಾರನೇ ವಾರವೇ ಇದ್ದಿಲಲ್ಲಿ ಹೃದಯ ಬರೆದು ಹೋದವರಿದ್ದಾರೆ. ಯಾಣದ ಕಡೆ ಹೋದರೆ ಬಂಡೆಯ ಮೇಲೆ ಹೆಸರು, ಮಿರ್ಜಾನ್ ಕೋಟೆಗೆ ಹೋದರೆ ಕಲ್ಲಿನ ಮೇಲೆ ಹೆಸರು. ಬನವಾಸಿಯ ಮಧುಕೇಶ್ವರ ದೇವಸ್ಥಾನದಂಥ ಸಂರಕ್ಷಿತ ಸ್ಮಾರಕವನ್ನು ಯಾರಾದರೂ ಕೆಡಿಸಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಆಗಲಿ, ನನಗೇನೂ ಬೇಸರವಿಲ್ಲ. ಸಾವಿರ ವರ್ಷದ ಕಲ್ಲಿಗೆ ಇನ್ನೊಂದು ಕೋಟು ಪೇಂಟ್ ಹೊಡೆದು ಸರಿ ಮಾಡಲಿಕ್ಕೆ ಬರುವುದಿಲ್ಲ.

ಸಿಮೆಂಟ್ ಕಾಂಪೌಂಡಿಗೆ ಬರುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ನಡೆದದ್ದು ಇಷ್ಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಅಂತ ತಮಗೆ ಗೊತ್ತೇ ಇದೆ. ಆಗಸ್ಟ್ ಒಂದಕ್ಕೆ ದೋಣಿ ನೀರಿಗಿಳಿಯಬೇಕು, ಹಾಗಾಗಿ ಜುಲೈ ಕೊನೆಯ ವಾರ ನಮಗೆ ಹಗಲು ರಾತ್ರಿ ಕೆಲಸ. ಟಾರ್ಪಾಲು ಕಟ್ಟಿಕೊಂಡು, ಮಳೆ ಬಿಟ್ಟ ಹೊತ್ತಲ್ಲೆಲ್ಲ ಬಣ್ಣ ಹೊಡೆಯುವುದು. ಆ ವಾರದ ಒಂದು ರಾತ್ರಿ ಹುಡುಗ ಕೆಲಸ ಮುಗಿಸಿ ಗೆಳೆಯನ ಸ್ಕೂಟರಿನಲ್ಲಿ ಮನೆಗೆ ಹೋದ. ಹುಡುಗನಿಗೆ ಹತ್ತೊಂಬತ್ತು. ಗೆಳೆಯನಿಗೆ ಹದಿನೇಳು, ಪಿಯುಸಿ ಓದುತ್ತಿದ್ದಾನೆ. ಬೆಳಿಗ್ಗೆ ನೋಡಿದರೆ, ಸ್ಥಳೀಯ ಸಂಸ್ಥೆಯವರು ಹೊಸದಾಗಿ ಚಿತ್ರ ಬರೆಸಿದ್ದ ಉದ್ದನೆಯ ಗೋಡೆಯ ಒಂದು ಮೂಲೆಯಲ್ಲಿ ಕೆಂಪು ಅಕ್ಷರ: "ಬಣ್ಣ ಸಾಕು. ಆಸ್ಪತ್ರೆ ಎಲ್ಲಿ?"

ಈ ಜಿಲ್ಲೆಯಲ್ಲಿ ಆ ಪ್ರಶ್ನೆ ಯಾರೂ ಕೇಳಬಹುದಾದದ್ದೇ. ತಲೆಗೆ ಪೆಟ್ಟಾದರೆ, ಎದೆ ಹಿಡಿದುಕೊಂಡರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾ ಅಂತ ಆಂಬುಲೆನ್ಸ್ ಹತ್ತುವವರು ನಾವು. ಆದರೂ ಸರ್ಕಾರಿ ಗೋಡೆಯ ಮೇಲೆ ಕೇಳಿದ್ದು ತಪ್ಪೇ.

ಹತ್ತಿರದ ಅಂಗಡಿಯ ಸಿಸಿಟಿವಿಯಲ್ಲಿ ಇವರ ಸ್ಕೂಟರ್ ಆ ರಸ್ತೆಯಲ್ಲಿ ಹೋಗಿದ್ದು ಕಂಡಿದೆ. ಗೋಡೆಯ ಮುಂದೆ ನಿಂತದ್ದು ಕಂಡಿಲ್ಲ. ಹುಡುಗನನ್ನು ಕರೆಸಿದರು. ಕೈಯಲ್ಲಿ ಕೆಂಪು ಬಣ್ಣ. ಚೀಲದಲ್ಲಿ ಕೆಂಪು ಡಬ್ಬಿ, ಬ್ರಶ್ಶು. ಮುಗಿಯಿತು.

ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು ಹೇಳಬೇಕು, ತಾಳ್ಮೆಯಿಂದ ಓದಿ. ಗೋಡೆಯ ಮೇಲಿದ್ದದ್ದು ಸ್ಪ್ರೇ ಡಬ್ಬಿಯ ಬಣ್ಣ. ಹೊಳಪು ಕೆಂಪು. ಗೆರೆಯ ಅಂಚು ಧೂಳು ಹಾರಿದ ಹಾಗೆ ಹರಡಿತ್ತು, ಕೈ ನಿಧಾನವಾದಲ್ಲೆಲ್ಲ ಕೆಳಗೆ ಸುರಿದಿತ್ತು. ಬ್ರಶ್ಶಿನ ಗೆರೆ ಹಾಗಿರುವುದಿಲ್ಲ. ಅದರಲ್ಲಿ ಕೂದಲಿನ ಎಳೆ ಕಾಣುತ್ತದೆ, ಅಂಚು ಕಡಿದ ಹಾಗಿರುತ್ತದೆ. ಹುಡುಗನ ಚೀಲದಲ್ಲಿದ್ದದ್ದು ರೆಡ್ ಆಕ್ಸೈಡ್, ದೋಣಿಯ ಕಬ್ಬಿಣದ ಸಾಮಾನಿಗೆ ಹೊಡೆಯುವ ಪ್ರೈಮರ್. ಇಟ್ಟಿಗೆಯ ಬಣ್ಣ, ಹೊಳಪೇ ಇಲ್ಲ. ಕಣ್ಣಿದ್ದ ಯಾವ ಪೇಂಟರೂ ಎರಡನ್ನೂ ಒಂದೇ ಅನ್ನುವುದಿಲ್ಲ. ಇನ್ನೊಂದು ಮಾತು. 'ಆಸ್ಪತ್ರೆ'ಯಲ್ಲಿ ಸಕಾರದ ಕೆಳಗಿನ ಒತ್ತು ಎಲ್ಲೋ ತೇಲುತ್ತಿತ್ತು. ನನ್ನ ಹತ್ತಿರ ಕಲಿತವನು ಅಂಥ ಒತ್ತು ಬರೆದಿದ್ದರೆ ಕೇಸು ಹಾಕುವ ಮೊದಲು ನಾನೇ ಅವನನ್ನು ಕೆಲಸದಿಂದ ಬಿಡಿಸುತ್ತಿದ್ದೆ.

ಇದನ್ನೆಲ್ಲ ಠಾಣೆಯಲ್ಲಿ ಹೇಳಿದೆ. "ಅದನ್ನು ಕೋರ್ಟಲ್ಲಿ ಹೇಳಿ" ಅಂದರು. ಕೋರ್ಟಲ್ಲಿ ಹೇಳುವ ಸರದಿ ಯಾವಾಗ ಬರುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಅವನೇ ಬರೆದಿದ್ದಾನೆ ಅಂತ ಇಟ್ಟುಕೊಳ್ಳೋಣ. ಆಗ ಕಾನೂನು ಏನು ಹೇಳುತ್ತದೆ? ನಾನು ಹೆಚ್ಚು ಓದಿದವನಲ್ಲ. ಕಾರವಾರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿದೆ, ಹುಡುಗನ ವಕೀಲರನ್ನು ಕೇಳಿದೆ, ಪುಸ್ತಕ ತರಿಸಿ ಓದಿಸಿದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಆಸ್ತಿಗೆ ಹಾನಿ ಮಾಡುವುದರ ಬಗ್ಗೆ ಇದೆ. ಸಾದಾ ಹಾನಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಆಸ್ತಿ ನಷ್ಟವಾದರೆ, ಅದು ಸರ್ಕಾರದ್ದೇ ಇರಲಿ ಸ್ಥಳೀಯ ಸಂಸ್ಥೆಯದೇ ಇರಲಿ, ಒಂದು ವರ್ಷದವರೆಗೆ. ನಷ್ಟ 20,000 ರೂಪಾಯಿ ಮುಟ್ಟಿದರೆ ಎರಡು ವರ್ಷದವರೆಗೆ. ಒಂದು ಲಕ್ಷ ಮುಟ್ಟಿದರೆ ಐದು ವರ್ಷದವರೆಗೆ. ಎಲ್ಲದರಲ್ಲೂ ಜೈಲೇ ಆಗಬೇಕೆಂದಿಲ್ಲ, ಬರೀ ದಂಡವೂ ಆಗಬಹುದು. ಮುಖ್ಯ ವಿಷಯ ಬೇರೆಯೇ ಇದೆ. ನಷ್ಟ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವ ಹಾಗಿಲ್ಲ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಯನ್ನೂ ಮಾಡುವ ಹಾಗಿಲ್ಲ. ಒಂದು ಲಕ್ಷ ಮುಟ್ಟಿತೋ, ಅವರೇ ಬಂಧಿಸಬಹುದು.

ಸ್ಥಳೀಯ ಸಂಸ್ಥೆಯವರು ದೂರಿನಲ್ಲಿ ಬರೆದುಕೊಟ್ಟ ನಷ್ಟ 1,12,000 ರೂಪಾಯಿ.

ನಾನು ಟೇಪು ಹಿಡಿದು ಅಳೆದಿದ್ದೇನೆ. ಅಕ್ಷರ ಒಂದಡಿ ಎತ್ತರ, ಎರಡು ಸಾಲು ಸೇರಿ ಹದಿನಾಲ್ಕು ಅಡಿ ಉದ್ದ. ಪಾಲಿಶ್ ಪೇಪರಿನಲ್ಲಿ ಉಜ್ಜಬೇಕು. ಕೆಂಪು ಹಟಮಾರಿ ಬಣ್ಣ, ಮೇಲೆ ಎಷ್ಟು ಹೊಡೆದರೂ ಒಳಗಿಂದ ಇಣುಕುತ್ತದೆ, ಅದಕ್ಕೆ ಒಳ್ಳೆಯ ಪ್ರೈಮರ್ ಒಂದು ಕೋಟು. ಆಮೇಲೆ ಎರಡು ಕೋಟು ಎಮಲ್ಷನ್. ಚಿತ್ರದ ಆ ತುಂಡನ್ನು ಮತ್ತೆ ಬರೆಯಬೇಕು, ಅಲ್ಲಿದ್ದದ್ದು ಬರೀ ಆಕಾಶ ಮತ್ತು ಒಂದು ತೆಂಗಿನ ಮರ. ಸಾಮಾನು, ಕೂಲಿ ಎಲ್ಲ ಸೇರಿ ಐದು ಸಾವಿರ ಕೇಳಿದರೆ ನನಗೇ ನಾಚಿಕೆಯಾಗಬೇಕು. ಹಾಗಾದರೆ 1,12,000 ಎಲ್ಲಿಂದ ಬಂತು? ಇಡೀ ಗೋಡೆಗೆ ಚಿತ್ರ ಬರೆಸಿದ ಖರ್ಚನ್ನೇ ನಷ್ಟ ಅಂತ ತೋರಿಸಿದ್ದಾರೆ. ಒಂದು ಕಿಟಕಿಯ ಗಾಜು ಒಡೆದರೆ ಮನೆಯ ಬೆಲೆ ಕೇಳಿದ ಹಾಗೆ.

ಅದೂ ಸಾಲದೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯ 3ನೇ ಸೆಕ್ಷನ್ ಸೇರಿಸಿದರು. ಅದರಲ್ಲಿ ಐದು ವರ್ಷದವರೆಗೆ ಜೈಲು ಮತ್ತು ದಂಡ. ಗಮನಿಸಿ, 'ಅಥವಾ' ಅಲ್ಲ, 'ಮತ್ತು'. ನಷ್ಟದ ಮೊತ್ತಕ್ಕೆ ಅಲ್ಲಿ ಮೆಟ್ಟಿಲುಗಳೇ ಇಲ್ಲ. ಜಾಮೀನು ಠಾಣೆಯಲ್ಲಿ ಸಿಗುವುದಿಲ್ಲ. ಕೋರ್ಟಿನಲ್ಲೂ ಸರ್ಕಾರಿ ವಕೀಲರಿಗೆ ವಿರೋಧ ಹೇಳಲು ಅವಕಾಶ ಕೊಡದೆ ಬಿಡುವ ಹಾಗಿಲ್ಲ ಅಂತ 5ನೇ ಸೆಕ್ಷನ್ ಹೇಳುತ್ತದೆ. ಹುಡುಗನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು, ಅದನ್ನು ಒಪ್ಪುತ್ತೇನೆ. ರಾತ್ರಿ ಒಬ್ಬ ಕಾನ್‌ಸ್ಟೇಬಲ್ ಅವನಿಗೆ ಚಹಾ ಬನ್ನು ತರಿಸಿಕೊಟ್ಟರಂತೆ, ಅವರಿಗೆ ಪುಣ್ಯ ಬರಲಿ. ಆದರೆ ಜಾಮೀನು ಸಿಕ್ಕಿದ್ದು ನಾಲ್ಕನೇ ದಿನ. ಆ ನಾಲ್ಕು ದಿನ ಅವನು ಜೈಲಿನಲ್ಲಿದ್ದ. ತೀರ್ಪಲ್ಲ, ವಿಚಾರಣೆಯಲ್ಲ, ಬರೀ ಆರೋಪ.

ನನ್ನ ಮಾತಿನ ತಿರುಳು ಇಷ್ಟೇ, ಮಾನ್ಯರೇ. ಗೋಡೆ ಬರಹದ ಕೇಸಿನಲ್ಲಿ ಶಿಕ್ಷೆ ಕೊಡುವವರು ನ್ಯಾಯಾಧೀಶರಲ್ಲ. ಮೊದಲ ರಾತ್ರಿ ಯಾವ ಸೆಕ್ಷನ್ ಬರೆಯುತ್ತಾರೆ, ನಷ್ಟ ಎಷ್ಟು ಅಂತ ಬರೆಯುತ್ತಾರೆ ಅನ್ನುವುದರಲ್ಲೇ ಅರ್ಧ ಶಿಕ್ಷೆ ಮುಗಿದಿರುತ್ತದೆ.

ಉಳಿದರ್ಧ ಆಮೇಲೆ ಬರುತ್ತದೆ. ನಮ್ಮ ಕಡೆಯ ಹುಡುಗರಿಗೆ ಕೆಲಸ ಎಲ್ಲಿದೆ ಹೇಳಿ. ಅರಗಾದ ನೌಕಾನೆಲೆಯಲ್ಲಿ ಗುತ್ತಿಗೆದಾರರ ಕೈಕೆಳಗೆ, ಕೈಗಾದಲ್ಲಿ, ಇಲ್ಲವೇ ಹಡಗಿನಲ್ಲಿ, ಗಲ್ಫಿನಲ್ಲಿ. ಒಳಗೆ ಹೋಗುವ ಪಾಸಿಗೆ ಪೊಲೀಸ್ ವೆರಿಫಿಕೇಶನ್ ಬೇಕು. ಹಡಗಿಗೆ, ಗಲ್ಫಿಗೆ ಪಾಸ್‌ಪೋರ್ಟ್ ಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೋರ್ಟಿನಲ್ಲಿ ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಬೇಕೆಂದರೆ ಕೋರ್ಟಿನಿಂದ ಅನುಮತಿ ತರಬೇಕು. ಸರ್ಕಾರಿ ಕೆಲಸದ ಅರ್ಜಿಯಲ್ಲಿ 'ನಿಮ್ಮ ಮೇಲೆ ಕೇಸು ಇದೆಯೇ' ಅಂತ ಕೇಳುತ್ತಾರೆ. ಇದೆ ಅಂದರೆ ಒಂದು ಕಷ್ಟ, ಮುಚ್ಚಿಟ್ಟರೆ ಇನ್ನೂ ದೊಡ್ಡ ಕಷ್ಟ. ನಮ್ಮ ಹುಡುಗನ ಅಣ್ಣ ಹಡಗಿನಲ್ಲಿದ್ದಾನೆ, ಇವನನ್ನೂ ಕರೆಸಿಕೊಳ್ಳುವವನಿದ್ದ. ಆ ಮಾತು ಈಗ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಖಾಸಗಿಯವರ ಗೋಡೆಯಾಗಿದ್ದರೆ ಅವರ ಕೈಕಾಲು ಹಿಡಿದು, ಗೋಡೆ ಸರಿ ಮಾಡಿಕೊಟ್ಟು, ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಬಹುದಿತ್ತು. ಸಾರ್ವಜನಿಕ ಗೋಡೆಗೆ ಆ ದಾರಿಯೂ ಇಲ್ಲ.

ಹದಿನೇಳರ ಹುಡುಗನ ವಿಷಯ ಇನ್ನೂ ಬೇಸರದ್ದು. ಅವನನ್ನು ರಾತ್ರಿ ಬಹಳ ಹೊತ್ತು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ಅವನ ಅಮ್ಮನಿಗೆ ಪೊಲೀಸರು ತಿಳಿಸಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದ್ದ ಫೋಟೋ ನೋಡಿ ಅವರಿಗೆ ಗೊತ್ತಾಯಿತು. ಇಬ್ಬರನ್ನೂ ಗೋಡೆಯ ಮುಂದೆ ನಿಲ್ಲಿಸಿ ತೆಗೆದ ಫೋಟೋ ಅದು. ಬೆಳಗಾಗುವುದರೊಳಗೆ "ಕಿಡಿಗೇಡಿಗಳ ಬಂಧನ" ಅಂತ ತಲೆಬರಹವೂ ಬಂತು. 2015ರ ಬಾಲನ್ಯಾಯ ಕಾಯ್ದೆ ಏನು ಹೇಳುತ್ತದೆ ಅಂತ ತಮಗೆ ನಾನು ಹೇಳಬೇಕಿಲ್ಲ. ಹದಿನೆಂಟು ತುಂಬದವರನ್ನು ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಅಥವಾ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು. ಲಾಕಪ್ಪಿಗೆ ಹಾಕುವ ಹಾಗಿಲ್ಲ. ತಂದೆ ತಾಯಿಗೆ ತಿಳಿಸಬೇಕು. ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಕೂಡ ಬೇಡ, ಡೈರಿಯಲ್ಲಿ ಬರೆದುಕೊಂಡು ಮಂಡಳಿಗೆ ವರದಿ ಕೊಟ್ಟರೆ ಸಾಕು ಅಂತ ನಿಯಮವಿದೆ. ಅವನ ಗುರುತು ಬಯಲು ಮಾಡಿದವರಿಗೆ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ಗೋಡೆ ಕೆಡಿಸಿದವರನ್ನು ಹುಡುಕಿದಷ್ಟೇ ಚುರುಕಾಗಿ ಆ ಫೋಟೋ ಹೊರಗೆ ಬಿಟ್ಟವರನ್ನೂ ಹುಡುಕಿ ಅಂತ ನನ್ನ ಮೊದಲ ಬೇಡಿಕೆ. ಅದಕ್ಕೆ ಸಿಸಿಟಿವಿಯೂ ಬೇಕಾಗಲಿಕ್ಕಿಲ್ಲ.

ಕಾನೂನಿನಲ್ಲಿ ಒಂದು ತಮಾಷೆ ನೋಡಿ. ತಪ್ಪು ಮಾಡಿದ್ದಾನೆ ಅಂತಾದರೆ ಹದಿನೇಳರವನಿಗೆ ಬಾಲ ನ್ಯಾಯ ಮಂಡಳಿ ಸಮುದಾಯ ಸೇವೆ ಮಾಡು ಅನ್ನಬಹುದು. ಗೋಡೆ ಉಜ್ಜಿ ಬಣ್ಣ ಹೊಡೆ ಅನ್ನಬಹುದು. ಹೊಸ ನ್ಯಾಯ ಸಂಹಿತೆಯಲ್ಲಿ ದೊಡ್ಡವರಿಗೂ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ತಂದಿದ್ದಾರೆ. ಆದರೆ ಬೆರಳೆಣಿಕೆಯ ಅಪರಾಧಗಳಿಗೆ ಮಾತ್ರ. ಕುಡಿದು ಸಾರ್ವಜನಿಕ ಜಾಗದಲ್ಲಿ ಗಲಾಟೆ ಮಾಡಿದವನಿಗೆ ಇದೆ. ಮೊದಲ ಸಲ 5,000 ರೂಪಾಯಿಗಿಂತ ಕಡಿಮೆಯದ್ದು ಕದ್ದು, ಅದನ್ನು ವಾಪಸ್ ಕೊಟ್ಟವನಿಗೆ ಇದೆ. ಗೋಡೆ ಕೆಡಿಸಿದವನಿಗೆ ಇಲ್ಲ! ಸಮುದಾಯ ಸೇವೆಗೆ ಇದಕ್ಕಿಂತ ಹೊಂದುವ ತಪ್ಪು ಯಾವುದಿದೆ? ಅದನ್ನು ತಿದ್ದುವುದು ದೆಹಲಿಯ ಕೆಲಸ, ತಮ್ಮ ಕೈಯಲ್ಲಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಒಂದಿದೆ. ಇಪ್ಪತ್ತೊಂದು ತುಂಬದವರನ್ನು ಸಾಮಾನ್ಯವಾಗಿ ಜೈಲಿಗೆ ಕಳಿಸಬಾರದು, ಎಚ್ಚರಿಕೆ ಕೊಟ್ಟೋ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಬಹುದು, ನಷ್ಟ ತುಂಬಿಸಬಹುದು ಅನ್ನುತ್ತದೆ. ಒಳ್ಳೆಯ ಕಾನೂನು. ಆದರೆ ಅದು ಬರುವುದು ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ. ಅಲ್ಲಿಯವರೆಗೆ ಹುಡುಗ ತಾರೀಖಿಗೆ ಅಲೆಯುತ್ತಿರಬೇಕು.

ತಮ್ಮ ಕೈಯಲ್ಲಿರುವುದನ್ನು ಮಾತ್ರ ಕೇಳುತ್ತೇನೆ.

ಎಸ್ಪಿ ಸಾಹೇಬರೇ, ದೂರು, ತನಿಖೆ, ಬಂಧನ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ನಿನಲ್ಲಿ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಆರೋಪವಾದರೆ ಡಿವೈಎಸ್ಪಿಯವರ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತಿದೆ. ಗೋಡೆ ಬರಹದ ಯಾವುದೇ ದೂರಿಗೆ 1984ರ ಕಾಯ್ದೆ ಹಾಕುವ ಮೊದಲು ಈ ವಿಚಾರಣೆ ಆಗಲಿ ಅಂತ ಎಲ್ಲ ಠಾಣೆಗಳಿಗೂ ಒಂದು ಸುತ್ತೋಲೆ ಕಳಿಸಿ. ಆ ಕಾಯ್ದೆ ಬಸ್ಸಿಗೆ ಕಲ್ಲು ಹೊಡೆಯುವವರಿಗೆ, ಸರ್ಕಾರಿ ಕಟ್ಟಡ ಒಡೆಯುವವರಿಗೆ ಇರಲಿ. ತೊಳೆದರೆ, ಉಜ್ಜಿದರೆ ಹೋಗುವ ಬಣ್ಣಕ್ಕೆ 324ರ ಕೆಳಗಿನ ಮೆಟ್ಟಿಲುಗಳು ಸಾಲದೇ? ಏಳು ವರ್ಷದೊಳಗಿನ ಶಿಕ್ಷೆಯ ಆರೋಪಗಳಲ್ಲಿ ಕಣ್ಣು ಮುಚ್ಚಿ ಬಂಧಿಸಬೇಡಿ, ಮೊದಲು ನೋಟಿಸ್ ಕೊಟ್ಟು ಕರೆಸಿ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಈಗ ಅದು ಅದೇ ಸುರಕ್ಷಾ ಸಂಹಿತೆಯ 35ನೇ ಸೆಕ್ಷನ್ನಿನಲ್ಲಿದೆ. ದಿನಾ ಒಂದೇ ಜಾಗದಲ್ಲಿ ದೋಣಿಗೆ ಬಣ್ಣ ಹೊಡೆಯುವ ಹುಡುಗ ಎಲ್ಲಿಗೆ ಓಡಿಹೋಗುತ್ತಾನೆ? ನೋಟಿಸ್ ಕೊಟ್ಟಿದ್ದರೆ ನಾನೇ ಕರೆದುಕೊಂಡು ಬರುತ್ತಿದ್ದೆ. ಮತ್ತೆ, ವಶಪಡಿಸಿಕೊಂಡ ಡಬ್ಬಿ ಮತ್ತು ಗೋಡೆಯಿಂದ ಕೆರೆದ ಬಣ್ಣ ಎರಡನ್ನೂ ಪ್ರಯೋಗಾಲಯಕ್ಕೆ ಕಳಿಸಿ. ವರದಿ ಬರಲಿ. ನಾನು ಹೇಳಿದ್ದು ಸುಳ್ಳಾದರೆ ಈ ಪತ್ರವನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳುತ್ತೇನೆ.

ಜಿಲ್ಲಾಧಿಕಾರಿಗಳೇ, ನಷ್ಟದ ಅಂದಾಜು ಯಾರು ಬರೆಯಬೇಕು, ಹೇಗೆ ಬರೆಯಬೇಕು ಅನ್ನುವುದನ್ನು ತಾವು ಸರಿ ಮಾಡಬೇಕು. ದೂರು ಕೊಟ್ಟವರೇ ಬಾಯಿಗೆ ಬಂದ ಮೊತ್ತ ಬರೆಯುವುದು ನಿಲ್ಲಲಿ. ಕೆಟ್ಟ ಜಾಗ ಎಷ್ಟು ಚದರ ಅಡಿ, ಸರಿ ಮಾಡಲು ಎಷ್ಟು ಖರ್ಚು, ಅಷ್ಟನ್ನು ಲೋಕೋಪಯೋಗಿ ಇಲಾಖೆಯ ದರದಲ್ಲಿ ಇಂಜಿನಿಯರ್ ಬರೆದು ಸಹಿ ಹಾಕಲಿ. ಆ ಕಾಗದದ ಮೇಲೆ ಒಬ್ಬನ ಜೈಲು ನಿಂತಿರುತ್ತದೆ ಅಂತ ಸಹಿ ಹಾಕುವವರಿಗೂ ಗೊತ್ತಿರಲಿ.

ಇನ್ನೊಂದು ಕೇಳುವುದಿದೆ, ಸಿಟ್ಟು ಮಾಡಬೇಡಿ. ಪರವಾನಗಿ ಇಲ್ಲದೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಜಾಹೀರಾತು ಹಚ್ಚುವುದರ ವಿರುದ್ಧ 1981ರಿಂದಲೇ ನಮ್ಮ ರಾಜ್ಯದ ಕಾಯ್ದೆ ಇದೆ, ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ. ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ. ಅದೇ ಗೋಡೆಯ ಇನ್ನೊಂದು ತುದಿಯಲ್ಲಿ ಟ್ಯೂಷನ್ ಕ್ಲಾಸಿನವರ ಪೋಸ್ಟರ್ ಇದೆ, ಸೈಟು ಮಾರುವವರದ್ದಿದೆ, ಒಬ್ಬ ಮುಖಂಡರ ಹುಟ್ಟುಹಬ್ಬದ ಶುಭಾಶಯವೂ ಇದೆ. ಮೈದಾ ಅಂಟು ಕೀಳಲಿಕ್ಕೆ ಹೋದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ, ಅದೂ ಹಾನಿಯೇ ಅಲ್ವಾ? ಅವರ ಮೇಲೆ ದೂರಿಲ್ಲ. ಪೋಸ್ಟರಿನಲ್ಲಿ ಫೋನ್ ನಂಬರ್ ಅವರೇ ಕೊಟ್ಟಿದ್ದಾರೆ, ಸಿಸಿಟಿವಿ ನೋಡುವ ಶ್ರಮವೂ ಇಲ್ಲ. ಆಸ್ಪತ್ರೆ ಕೇಳಿದ ಸಾಲಿಗೆ ಮಾತ್ರ ಐದು ವರ್ಷದ ಸೆಕ್ಷನ್ ಬಿದ್ದರೆ, ಕೆಟ್ಟದ್ದು ಗೋಡೆಯೋ ಅಧಿಕಾರದಲ್ಲಿರುವವರ ಮುಖವೋ ಅಂತ ಜನ ಕೇಳುತ್ತಾರೆ. ನಾನು ಕೇಳುತ್ತಿದ್ದೇನೆ.

ಗೋಡೆಯ ಮೇಲೆ ಬರೆಯುವುದು ಈ ಜಿಲ್ಲೆಗೆ ಹೊಸದಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಒಣಗುವ ಮೊದಲೇ ಕೆರೆದು, ಒಳಗಿನ ಬಿಳಿ ಕಾಣಿಸುವ ಕೆಲಸ. ಅದನ್ನು ಕಲಿಸಲಿಕ್ಕೆ, ಹುಡುಗರು ಕೈ ಆಡಿಸಲಿಕ್ಕೆ ಪ್ರತಿ ಊರಿನಲ್ಲಿ ಒಂದು ಗೋಡೆ ಬಿಟ್ಟುಕೊಡಿ. ದೊಡ್ಡ ಯೋಜನೆಯೇನೂ ಬೇಡ, ಖರ್ಚೂ ಬೇಡ. ಇದು ಆಗದಿದ್ದರೂ ನಡೆಯುತ್ತದೆ, ಮೇಲೆ ಹೇಳಿದ್ದು ಆಗಲೇಬೇಕು.

ಕೊನೆಗೆ ಆ ಗೋಡೆಯ ವಿಷಯ. ಪಂಚನಾಮೆ ಮುಗಿದಿದೆ, ಫೋಟೋ ತೆಗೆದಾಗಿದೆ. ಆದರೂ ಆ ಕೆಂಪು ಅಕ್ಷರ ಇನ್ನೂ ಹಾಗೇ ಇದೆ. 1,12,000 ರೂಪಾಯಿ ನಷ್ಟವಾಗಿದೆ ಅಂದವರು ಒಂದು ಡಬ್ಬಿ ಬಣ್ಣವನ್ನೂ ತಂದಿಲ್ಲ. ಮಳೆ ನಿಂತ ಮೇಲೆ ನಾನೇ ಸರಿ ಮಾಡಿಕೊಡುತ್ತೇನೆ. ಸಾಮಾನು ನನ್ನದು, ಕೂಲಿಯೂ ಬೇಡ. ತಪ್ಪೊಪ್ಪಿಗೆ ಅಂತ ಇದನ್ನು ಯಾರೂ ಬರೆದುಕೊಳ್ಳಬಾರದು, ಅಷ್ಟೇ. ತನಿಖಾಧಿಕಾರಿಯವರ ಒಪ್ಪಿಗೆಯೊಂದಿಗೆ ಅನುಮತಿಯನ್ನು ಸೀಲು ಸಹಿ ಹಾಕಿ ಕಾಗದದಲ್ಲೇ ಕೊಡಿ. ಬಾಯಿ ಮಾತು ನಂಬಿ ಬ್ರಶ್ಶು ಹಿಡಿದರೆ ಆ ಗೋಡೆ ಮುಟ್ಟಿದ್ದಕ್ಕೆ ನನ್ನ ಮೇಲೂ ಇನ್ನೊಂದು ಕೇಸಾದೀತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೋರ್ಡ್ ಪೇಂಟರ್
ಉತ್ತರ ಕನ್ನಡ